ಹಳೆಯ ವೈಸ್: ಸಡಿಲ ಎಲ್ಲಿದೆ?

ಐಟಿಐಯಲ್ಲಿ ಫಿಟ್ಟರ್ ತರಬೇತಿಗೆ ಸೇರುವ ವಿದ್ಯಾರ್ಥಿಗೆ ಮೊದಲು ಪರಿಚಯವಾಗುವ ಸಾಧನಗಳಲ್ಲಿ ಬೆಂಚ್ ವೈಸ್ ಒಂದು. ಅರದಿಂದ ಉಜ್ಜುವುದಿರಲಿ, ಹ್ಯಾಕ್ಸಾದಿಂದ ಕೊಯ್ಯುವುದಿರಲಿ, ಲೋಹದ ತುಂಡನ್ನು ಕದಲದಂತೆ ಹಿಡಿಯುವುದು ಅದರ ಕೆಲಸ. ಹಿಡಿತ ತಪ್ಪಿದರೆ ಉಜ್ಜಿದ ಮೈ ಸಮತಟ್ಟಾಗದು. ತುಂಡು ಜಾರಿದರೆ ಕೈಗೇ ಗಾಯ. ಹಾಗೆಂದು ಅಲುಗಾಡುವ ವೈಸ್‌ಗಳನ್ನೆಲ್ಲ ಗುಜರಿಗೆ ಹಾಕಬೇಕಿಲ್ಲ. ಜ್ವರಕ್ಕೆ ಕಾರಣ ಹಲವು ಇರುವಂತೆ ಸಡಿಲಕ್ಕೂ ಕಾರಣ ಹಲವು. ಒಂದೊಂದನ್ನೇ ಪರೀಕ್ಷಿಸಬೇಕು.

ಮೊದಲು ಇಡೀ ವೈಸನ್ನು ಅಲ್ಲಾಡಿಸಿ ನೋಡಿ. ಬುಡವೇ ಕದಲಿದರೆ ದೋಷ ಬೆಂಚಿನ ಬೋಲ್ಟ್‌ಗಳದು. ಅಗಲವಾದ ವಾಷರ್ ಹಾಕಿ ಬಿಗಿ ಮಾಡಿದರೆ ಸಾಕು.

ಮುಂದಿನದು ಹಿಡಿಕೆ. ತಿರುಗಿಸುವ ದಿಕ್ಕು ಬದಲಿಸಿದಾಗ ಹಿಡಿಕೆ ಕೊಂಚ ಬರಿದೇ ತಿರುಗಿ, ಆಮೇಲೆ ದವಡೆ ಸರಿಯುತ್ತದೆ. ಇದೇ ಬ್ಯಾಕ್‌ಲ್ಯಾಷ್. ಸ್ಕ್ರೂವಿನ ಪಿಚ್ 5 ಮಿ.ಮೀ. ಇದ್ದು, ಕಾಲು ಸುತ್ತು ವ್ಯರ್ಥವಾದರೆ ಒಳಗಿನ ಸಡಿಲ 1.25 ಮಿ.ಮೀ. ಬಿಗಿ ಮಾಡುವಾಗ ಥ್ರೆಡ್‌ನ ಒಂದೇ ಪಕ್ಕ ನಟ್‌ಗೆ ಒತ್ತಿಕೊಳ್ಳುವುದರಿಂದ ಅಲ್ಪ ಬ್ಯಾಕ್‌ಲ್ಯಾಷ್ ಹಿಡಿತವನ್ನು ಕುಗ್ಗಿಸದು. ಅದು ದೋಷವೇ ಅಲ್ಲ.

ಸಡಿಲ ಅತಿಯಾದರೆ ಚಲಿಸುವ ದವಡೆಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಿ. ಸ್ಕ್ರೂ ನಿಂತಲ್ಲೇ ಇದ್ದು ದವಡೆ ಮಾತ್ರ ಸರಿದರೆ, ಸ್ಕ್ರೂವನ್ನು ದವಡೆಗೆ ಹಿಡಿದಿಡುವ ವಾಷರ್ ಇಲ್ಲವೇ ಪಿನ್ ಸವೆದಿದೆ. ಅದನ್ನು ಬದಲಿಸಿ. ಎರಡೂ ಒಟ್ಟಿಗೆ ಸರಿದರೆ ದೋಷ ನಟ್‌ನಲ್ಲಿ. ನಟ್ ಕೂತ ಜಾಗದಲ್ಲಿ ಸಡಿಲವಿದ್ದರೆ ಬಿಗಿ ಮಾಡಿ. ಥ್ರೆಡ್ ಸವೆದು ಚೂಪಾಗಿದ್ದರೆ ಹೊಸ ನಟ್ ಬೇಕು.

ಕೊನೆಗೆ ದವಡೆಗಳು. ಎರಡು ತುದಿಗಳಲ್ಲೂ ಒಂದೊಂದು ಕಾಗದದ ಪಟ್ಟಿ ಇಟ್ಟು ಬಿಗಿ ಮಾಡಿ ಎಳೆಯಿರಿ. ಒಂದು ಸುಲಭವಾಗಿ ಬಂದರೆ ಹಿಡಿತ ಓರೆಯಾಗಿದೆ. ದವಡೆಯ ಉಕ್ಕಿನ ಫಲಕಗಳನ್ನು ಬಿಚ್ಚಿ, ಹಿಂದಿನ ಕೊಳೆ ಒರೆಸಿ, ಸ್ಕ್ರೂಗಳನ್ನು ಬಿಗಿ ಮಾಡಿ. ತುಂಡನ್ನು ಒಂದು ಪಕ್ಕದಲ್ಲೇ ಹಿಡಿಯಬೇಕಾದರೆ ಇನ್ನೊಂದು ಪಕ್ಕಕ್ಕೆ ಅಷ್ಟೇ ದಪ್ಪದ ತುಂಡು ಇಡಿ.

ಹಿಡಿತ ಸಾಲದೆಂದು ಹಿಡಿಕೆಗೆ ಪೈಪ್ ತೂರಿಸಿ ತಿರುಗಿಸುವುದು ಮಾತ್ರ ಬೇಡ. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ಅಷ್ಟು ತಾಳದೆ ಬಿರುಕು ಬಿಡುತ್ತದೆ. ಬಿಚ್ಚುವಾಗಲೂ ಎಚ್ಚರ: ಸ್ಕ್ರೂ ಕಳಚಿದೊಡನೆ ಭಾರದ ದವಡೆ ಕಾಲ ಮೇಲೆ ಬೀಳಬಹುದು. ಅದನ್ನು ಹಿಡಿಯಲು ಇನ್ನೊಬ್ಬರು ಜೊತೆಗಿರಲಿ.