ವಿಮಾನ ಹತ್ತುವ ಮುನ್ನ ಒಂದು ಪೆಗ್

ಭದ್ರತಾ ತಪಾಸಣೆ ಮುಗಿದ ಮೇಲೆ ವಿಮಾನ ಹತ್ತುವವರೆಗೆ ಉಳಿಯುವ ಒಂದೆರಡು ತಾಸೇ ವಿಮಾನ ನಿಲ್ದಾಣದ ಬಾರ್‌ನ ವ್ಯಾಪಾರದ ಹೊತ್ತು. ಭಾರತದಲ್ಲಿ ಒಳನಾಡಿನ ವಿಮಾನದೊಳಗೆ ಮದ್ಯ ಕೊಡುವುದಿಲ್ಲ, ಜೊತೆಗೆ ತಂದದ್ದನ್ನು ಕುಡಿಯುವಂತೆಯೂ ಇಲ್ಲ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಮಾತ್ರ ಮದ್ಯ ಕೊಡಲು ಅವಕಾಶವಿದೆ. ವಿಮಾನಯಾನಕ್ಕೂ ಮದ್ಯಕ್ಕೂ ನಂಟು ಹಳೆಯದು. ಜಗತ್ತಿನ ಮೊದಲ ಸುಂಕರಹಿತ ಮಳಿಗೆ 1947ರಲ್ಲಿ ಐರ್ಲೆಂಡಿನ ಶಾನನ್ ನಿಲ್ದಾಣದಲ್ಲಿ ತೆರೆಯಿತು.

ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯವರು ವಿಮಾನ ಹಿಡಿಯಬೇಕಾದರೆ ಬೆಳಗಾವಿಯ ಸಾಂಬ್ರಾಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಹೊರದೇಶಕ್ಕೆ ಹೊರಟವರಿಗೆ ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ತಾಸುಗಟ್ಟಲೆ ಕಾಯುವುದು ಸಾಮಾನ್ಯ. ಅಲ್ಲಿ ಸಿಗುವ ಗ್ಲಾಸಿಗೂ ಮುಧೋಳದ ಕಬ್ಬಿನ ಸೀಮೆಗೂ ಸಂಬಂಧವಿದೆ. ಕಬ್ಬು ನುರಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ಮದ್ಯಸಾರ ಬರುತ್ತದೆ. ದೇಶದ ರಮ್‌ಗೂ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟಕ್ಕೂ ಇದೇ ಮೂಲ. ಈ ಸೀಮೆಯ ಸಮೀರವಾಡಿಯಲ್ಲಿರುವ ಗೋದಾವರಿ ಕಾರ್ಖಾನೆಯಲ್ಲೂ ಸಕ್ಕರೆಯ ಜೊತೆಗೆ ಮದ್ಯಸಾರದ ಘಟಕವಿದೆ.

ಇಂಥ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರ ಇರುತ್ತದೆ. 30 ಮಿ.ಲೀ. ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ, 60 ಮಿ.ಲೀ. ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ. ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ 25 ಗ್ರಾಂ ದಾಟುತ್ತದೆ. ಯಕೃತ್ತು ತಾಸಿಗೆ ಹೆಚ್ಚು ಕಡಿಮೆ 10 ಗ್ರಾಂ ಮಾತ್ರ ಕರಗಿಸಬಲ್ಲದು. ಎರಡು ಲಾರ್ಜ್ ಇಳಿಯಲು ನಾಲ್ಕು ತಾಸು ಬೇಕು. ಕಾಫಿಯಾಗಲಿ ತಣ್ಣೀರಾಗಲಿ ಈ ವೇಗವನ್ನು ಹೆಚ್ಚಿಸುವುದಿಲ್ಲ. ಒಂದೆರಡು ತಾಸಿನ ಪ್ರಯಾಣದಲ್ಲಿ ಹತ್ತುವಾಗ ಇದ್ದ ಅಮಲು ಇಳಿಯುವಾಗಲೂ ಉಳಿದಿರುತ್ತದೆ.

ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಆದ್ದರಿಂದ ರಕ್ತದಲ್ಲಿ ಆಮ್ಲಜನಕ ತಗ್ಗುತ್ತದೆ, ತೇವವಿಲ್ಲದ ಗಾಳಿಗೆ ಬಾಯಿ ಒಣಗುತ್ತದೆ. ಜರ್ಮನಿಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿದು ಇಂಥ ಒತ್ತಡದಲ್ಲಿ ಮಲಗಿದವರ ರಕ್ತದ ಆಮ್ಲಜನಕ ಶೇ. 85ರ ಆಸುಪಾಸಿಗೆ ಇಳಿದಿತ್ತು, ಎದೆಬಡಿತ ಏರಿತ್ತು. ಇವರೆಲ್ಲ ಆರೋಗ್ಯವಂತರು. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು ಪ್ರಯಾಣಕ್ಕೆ ಮುನ್ನ ಕುಡಿಯದಿರುವುದೇ ಕ್ಷೇಮ. ನಿದ್ದೆಮಾತ್ರೆಯ ಜೊತೆಗಂತೂ ಮದ್ಯ ಸಲ್ಲದು.

ಅಮಲೇರಿದವರನ್ನು ಗೇಟಿನಲ್ಲೇ ತಡೆಯುವ ಅಧಿಕಾರ ವಿಮಾನಯಾನ ಸಂಸ್ಥೆಗೆ ಇದೆ. ಗೇಟು ವಿಮಾನ ಹೊರಡುವ 20–25 ನಿಮಿಷ ಮೊದಲೇ ಮುಚ್ಚುವುದರಿಂದ ಬಾರ್‌ನಲ್ಲಿ ಮೈಮರೆತವರಿಗೆ ವಿಮಾನವೇ ತಪ್ಪಬಹುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ತಂದ ನಿಯಮವು ವಿಮಾನದಲ್ಲಿ ಪುಂಡಾಟ ಮಾಡುವವರನ್ನು ಮೂರು ಹಂತಗಳಲ್ಲಿ ವಿಂಗಡಿಸಿತು: ಬೈಗುಳ, ಕುಡಿದ ಅನುಚಿತ ವರ್ತನೆಗೆ ಮೂರು ತಿಂಗಳವರೆಗೆ, ಮೈಮೇಲೆ ಕೈಮಾಡಿದರೆ ಆರು ತಿಂಗಳವರೆಗೆ, ಪ್ರಾಣಕ್ಕೆ ಕುತ್ತು ತಂದರೆ ಕನಿಷ್ಠ ಎರಡು ವರ್ಷ ಪ್ರಯಾಣ ನಿಷೇಧ. ಪೈಲಟ್‌ಗಳಂತೂ ಹಾರಾಟಕ್ಕೆ 12 ತಾಸು ಮೊದಲಿಂದ ಮದ್ಯ ಮುಟ್ಟುವಂತಿಲ್ಲ.

ಕೊಂಡ ಬಾಟಲಿಗೂ ಲೆಕ್ಕವಿದೆ. ಶೇ. 24ರಿಂದ 70ರವರೆಗಿನ ಮದ್ಯವನ್ನು ಲಗೇಜಿನಲ್ಲಿ ಒಬ್ಬರು 5 ಲೀಟರ್ ಒಯ್ಯಬಹುದು. ಅದಕ್ಕಿಂತ ತೀಕ್ಷ್ಣವಾದುದನ್ನು ಒಯ್ಯುವಂತಿಲ್ಲ. ವಿದೇಶದಿಂದ ಮರಳುವವರು ಸುಂಕವಿಲ್ಲದೆ 2 ಲೀಟರ್ ತರಬಹುದು. ಕುವೈತ್‌ಗೆ ಹೊರಟವರು ಮಾತ್ರ ಒಂದು ಬಾಟಲಿಯನ್ನೂ ಕೊಳ್ಳಬಾರದು. ಆ ದೇಶದಲ್ಲಿ ಮದ್ಯ ಸಂಪೂರ್ಣ ನಿಷಿದ್ಧ.