ಕಡಲ ಪಾಚಿ, ವೈರಸ್ ಮತ್ತು ಇಂಗಾಲ: ತಪ್ಪು ಕಲ್ಪನೆ, ಸತ್ಯ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ಸೀಮೆಯನ್ನು ಹಾಯ್ದು, ಲಿಂಗನಮಕ್ಕಿ ಅಣೆಕಟ್ಟಿನ ತಡೆಗೆ ಹೊಳೆಬಾಗಿಲಿನಲ್ಲಿ ಹಿನ್ನೀರಾಗಿ ಹರಡಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಈ ಹಿನ್ನೀರಿನಲ್ಲೂ ಆ ಕಡಲಿನಲ್ಲೂ ಕಣ್ಣಿಗೆ ಕಾಣದ ಸಸ್ಯಗಳಿವೆ, ಅವನ್ನು ಕೊಲ್ಲುವ ವೈರಸ್‌ಗಳೂ ಇವೆ. ಭೂಮಿಯ ಇಂಗಾಲದ ಲೆಕ್ಕದಲ್ಲಿ ಈ ಸಾವುಗಳಿಗೂ ಪಾಲಿದೆ. ಅದರ ಸುತ್ತ ಬೆಳೆದಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ವೈರಸ್ ಇರುವ ನೀರೆಂದರೆ ರೋಗದ ನೀರು.

ಸತ್ಯ: ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 1 ಕೋಟಿ ವೈರಸ್ ಕಣಗಳಿರಬಹುದು. ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1989ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿ ತೋರಿಸಿದಾಗ ಜಗತ್ತು ಬೆರಗಾಯಿತು. ಇವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯ ಮತ್ತು ಪಾಚಿಗಳಿಗೆ ಮಾತ್ರ ತಗಲುತ್ತವೆ, ನಮ್ಮನ್ನು ಮುಟ್ಟುವುದಿಲ್ಲ. ಸಿಹಿನೀರೂ ಇದಕ್ಕೆ ಹೊರತಲ್ಲ. ನೀಲಿಹಸಿರು ಪಾಚಿಗೆ ತಗಲುವ ಮೊದಲ ವೈರಸ್ 1963ರಲ್ಲಿ ವರದಿಯಾದದ್ದು ಅಮೆರಿಕದ ಒಂದು ಕೊಳಚೆ ನೀರಿನ ಹೊಂಡದಿಂದ.

ತಪ್ಪು ಕಲ್ಪನೆ: ಇಂಗಾಲ ಹೀರುವುದು ಘಟ್ಟದ ಕಾಡಿನಂಥ ಕಾಡುಗಳು ಮಾತ್ರ.

ಸತ್ಯ: ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ನಡೆಯುವುದು ಕಡಲಿನಲ್ಲಿ, ಸಸ್ಯಪ್ಲವಕಗಳೆಂಬ ತೇಲುವ ಸೂಕ್ಷ್ಮ ಪಾಚಿಗಳಿಂದ. ಕಾಡಿನ ಮರ ಇಂಗಾಲವನ್ನು ನೂರಾರು ವರ್ಷ ಕಾಂಡದಲ್ಲಿ ಹಿಡಿದಿಡಬಲ್ಲದು. ಸಸ್ಯಪ್ಲವಕದ ಆಯುಸ್ಸು ಕೆಲವೇ ದಿನ. ಹಾಗಾಗಿ ಅದು ಎಷ್ಟು ಬೆಳೆಯಿತು ಎಂಬುದರಷ್ಟೇ ಹೇಗೆ ಸತ್ತಿತು ಎಂಬುದೂ ಮುಖ್ಯ.

ತಪ್ಪು ಕಲ್ಪನೆ: ವೈರಸ್ ಕೊಂದ ಪಾಚಿಯ ಇಂಗಾಲವೆಲ್ಲ ಗಾಳಿಗೆ ಮರಳುತ್ತದೆ.

ಸತ್ಯ: ದಾರಿಗಳು ಎರಡಿವೆ. ವೈರಸ್ ಒಳಹೊಕ್ಕ ಕೋಶ ಒಡೆದಾಗ ಅದರ ಸಾರ ನೀರಿನಲ್ಲಿ ಕರಗುತ್ತದೆ. ಮೀನಿನ ಆಹಾರ ಸರಪಳಿಗೆ ಸೇರಬೇಕಿದ್ದ ಇಂಗಾಲವನ್ನು ಬ್ಯಾಕ್ಟೀರಿಯಗಳು ತಿಂದು, ಉಸಿರಾಟದ ಮೂಲಕ ಇಂಗಾಲದ ಡೈಆಕ್ಸೈಡ್ ಆಗಿ ಮೇಲ್ಪದರದಲ್ಲೇ ಬಿಡುತ್ತವೆ. ಜೊತೆಗೆ ಬಿಡುಗಡೆಯಾಗುವ ಸಾರಜನಕ, ರಂಜಕ, ಕಬ್ಬಿಣ ಹೊಸ ಪಾಚಿಗೆ ಗೊಬ್ಬರವಾಗುತ್ತವೆ. 1999ರಲ್ಲಿ ವಿಲ್ಹೆಲ್ಮ್ ಮತ್ತು ಸಟಲ್ ಎಂಬ ವಿಜ್ಞಾನಿಗಳು ಈ ಅಡ್ಡದಾರಿಯನ್ನು ವಿವರಿಸಿದರು. ಎರಡನೆಯ ದಾರಿ ಇದಕ್ಕೆ ವಿರುದ್ಧ. ಸೋಂಕು ತಗಲಿದ ಕೆಲವು ಪಾಚಿಗಳು ಅಂಟು ಸೂಸಿ ಒಂದಕ್ಕೊಂದು ಹತ್ತಿ ಉಂಡೆಯಾಗಿ ಆಳಕ್ಕೆ ಇಳಿಯುತ್ತವೆ. ಮೈತುಂಬ ಸುಣ್ಣದ ಬಿಲ್ಲೆ ಹೊತ್ತ ಎಮಿಲಿಯಾನಿಯಾ ಹಕ್ಸ್ಲಿಯಿ ಎಂಬ ಪಾಚಿಯಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಹೀಗೆ ಆಳ ಸೇರಿದ ಇಂಗಾಲ ಬಹುಕಾಲ ಗಾಳಿಯಿಂದ ದೂರ ಉಳಿಯಬಹುದು.

ತಪ್ಪು ಕಲ್ಪನೆ: ಗಣಿತ ಮಾದರಿ ಎಂದರೆ ಬರೀ ಊಹೆ.

ಸತ್ಯ: ಪಾಚಿಗೆ ವೈರಸ್ ಸೋಂಕು ಹಬ್ಬುವ ಬಗೆಯನ್ನು ಹೇಳುವ ಮಾದರಿ ಮೂರು ಗುಂಪುಗಳನ್ನು ಲೆಕ್ಕ ಹಾಕುತ್ತದೆ: ಆರೋಗ್ಯವಾಗಿರುವ ಕೋಶಗಳು, ಸೋಂಕು ತಗಲಿದವು, ನೀರಿನಲ್ಲಿ ಬಿಡಿಯಾಗಿ ತೇಲುವ ವೈರಸ್‌ಗಳು. ಪಾಚಿ ಬೆಳೆಯುವ ವೇಗ, ವೈರಸ್ ಕೋಶಕ್ಕೆ ತಾಗುವ ಸಂಭವ, ಒಳಹೊಕ್ಕ ಮೇಲೆ ಒಡೆಯಲು ಬೇಕಾದ ಹೊತ್ತು, ಒಂದು ಕೋಶದಿಂದ ಸಿಡಿಯುವ ಹೊಸ ವೈರಸ್‌ಗಳ ಸಂಖ್ಯೆ, ಬಿಸಿಲಿಗೆ ವೈರಸ್ ಕೆಡುವ ದರ, ಇವನ್ನೆಲ್ಲ ಪ್ರಯೋಗಾಲಯದಲ್ಲಿ ಅಳೆಯಬಹುದು. ಒತ್ತಾಗಿ ನೆಟ್ಟ ಅಡಿಕೆ ತೋಟದಲ್ಲಿ ಕೊಳೆರೋಗ ಬೇಗ ಹಬ್ಬುವಂತೆ, ಕೋಶಗಳು ದಟ್ಟವಾದಷ್ಟೂ ಸೋಂಕು ವೇಗ ಪಡೆಯುತ್ತದೆ. ಆದ್ದರಿಂದ ಹೆಚ್ಚು ಬೆಳೆದ ಜಾತಿಯೇ ಮೊದಲು ಕುಸಿದು, ಉಳಿದವಕ್ಕೆ ಜಾಗ ಸಿಗುತ್ತದೆ. ಆದರೆ ಹವಾಮಾನದ ದೊಡ್ಡ ಮಾದರಿಗಳಲ್ಲಿ ಹೆಚ್ಚಿನವು ವೈರಸ್ಸನ್ನು ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಾಚಿಯ ಸಾವನ್ನೆಲ್ಲ ಒಂದೇ ದರದಲ್ಲಿ ಸೇರಿಸಿಬಿಡುತ್ತವೆ. ಈ ಕೊರತೆ ತುಂಬಲೇಬೇಕು.

ತಪ್ಪು ಕಲ್ಪನೆ: ಕಡಲು ಹಸಿರಾದಷ್ಟೂ ಇಂಗಾಲ ತಳ ಸೇರುತ್ತದೆ.

ಸತ್ಯ: 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ‘ಲೋಹಾಫೆಕ್ಸ್’ ಪ್ರಯೋಗ ನಡೆಸಿದವು. ದಕ್ಷಿಣ ಮಹಾಸಾಗರದ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬೆರೆಸಿದಾಗ ಪಾಚಿ ಬೆಳೆಯಿತು, ಆದರೆ ಆಳಕ್ಕೆ ಇಳಿದ ಇಂಗಾಲ ತೀರ ಕಡಿಮೆ. ಅಲ್ಲಿ ಪಾಚಿಯನ್ನು ಮುಗಿಸಿದ್ದು ಮುಖ್ಯವಾಗಿ ಅದನ್ನು ಮೇಯುವ ಸಣ್ಣ ಪ್ರಾಣಿಗಳು. ನಮ್ಮ ಅರಬ್ಬೀ ಸಮುದ್ರವೂ ಇದೇ ಪಾಠ ಹೇಳುತ್ತದೆ. ಮುಂಗಾರಿನ ಗಾಳಿ ಆಳದ ನೀರನ್ನು ಮೇಲೆತ್ತಿದಾಗ ಪೋಷಕಾಂಶ ಸಿಕ್ಕಿ ಪಾಚಿ ದಟ್ಟವಾಗುತ್ತದೆ. ಅದೇ ನೀರು ಹೊತ್ತು ತರುವ ಇಂಗಾಲದಿಂದಾಗಿ ಒಟ್ಟು ಲೆಕ್ಕದಲ್ಲಿ ಈ ಕಡಲು ಗಾಳಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಕಡಲಿಗೆ ಕಬ್ಬಿಣ ಸುರಿದು ಹವಾಮಾನ ಸರಿಪಡಿಸುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಉಪಗ್ರಹ ಚಿತ್ರದ ಹಸಿರನ್ನಷ್ಟೇ ನೋಡಿ ಅದನ್ನು ಒಪ್ಪಬಾರದು. ಆ ಹಸಿರನ್ನು ಯಾರು ಮೇಯ್ದರು, ಯಾವ ವೈರಸ್ ಒಡೆಯಿತು, ಎಷ್ಟು ತಳ ಸೇರಿತು ಎಂಬ ಮೂರೂ ಲೆಕ್ಕ ಕೇಳಬೇಕು. ಮಲೆನಾಡಿನ ಮಳೆ ಬರುವುದೂ ಅರಬ್ಬೀ ಕಡಲಿನಿಂದ. ಹಾಗಾಗಿ ಆ ಲೆಕ್ಕ ಕೇಳುವ ಹಕ್ಕು ಕರಾವಳಿಯವರಷ್ಟೇ ಘಟ್ಟದ ಮೇಲಿನವರಿಗೂ ಇದೆ.