ಓಡಬಹುದು, ಅಡಗಲಾಗದು

"ಓಡಬಹುದು, ಆದರೆ ಅಡಗಿಕೊಳ್ಳಲಾಗದು" ಎಂಬ ಮಾತನ್ನು ನೀವು ಕೇಳಿರಬಹುದು. 1985ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಭಯೋತ್ಪಾದಕರಿಗೆ ಇದೇ ಎಚ್ಚರಿಕೆ ಕೊಟ್ಟರು. ಆದರೆ ಈ ಮಾತು ಹೆಸರಾದದ್ದು ಬಾಕ್ಸಿಂಗ್ ರಿಂಗ್‌ನಿಂದ.

1941ರ ಜೂನ್ 18ರಂದು ನ್ಯೂಯಾರ್ಕಿನಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಜೋ ಲೂಯಿಸ್‌ನನ್ನು ಬಿಲ್ಲಿ ಕಾನ್ ಎದುರಿಸಿದ. ಕಾನ್ ಹಗುರ, ಆದರೆ ಬಲು ಚುರುಕು. ಪಂದ್ಯ 15 ಸುತ್ತುಗಳದ್ದು. 12 ಸುತ್ತು ಮುಗಿದಾಗ ಮೂವರು ನಿರ್ಣಾಯಕರಲ್ಲಿ ಇಬ್ಬರ ಲೆಕ್ಕದಲ್ಲಿ ಅವನೇ ಮುಂದಿದ್ದ. ದೂರದಿಂದಲೇ ಆಡಿದ್ದರೆ ಗೆಲ್ಲಬಹುದಿತ್ತು. 13ನೆಯ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಲು ಹೋಗಿ ತಾನೇ ನಾಕೌಟ್ ಆದ.

ಮತ್ತೊಮ್ಮೆ ಸೆಣಸಿದರೆ ಗೆಲ್ಲುವವರಾರು? ಮಹಾಯುದ್ಧ ಅಡ್ಡ ಬಂತು, ಇಬ್ಬರೂ ಸೈನ್ಯ ಸೇರಿದರು. ಅಭಿಮಾನಿಗಳ ವಾದ ಐದು ವರ್ಷ ಉಳಿಯಿತು. ಕಾನ್‌ನ ಚುರುಕು ಕಾಲಿನ ಪ್ರಸ್ತಾಪ ಬಂದಾಗ ಲೂಯಿಸ್ ಹೇಳಿದ್ದೇ ಈ ಮಾತು. ಇದನ್ನು 1941ಕ್ಕೆ ಸೇರಿಸುವವರೂ ಇದ್ದಾರೆ. ಆದರೆ ಪತ್ರಿಕೆಗಳ ಮೂಲಕ ಜನಜನಿತವಾದದ್ದು 1946ರ ಮರುಪಂದ್ಯದ ಹೊತ್ತಿನಲ್ಲಿ.

ಮಾತಿನ ಹುರುಳು ರಿಂಗ್‌ನಲ್ಲೇ ಇದೆ. ಅದು ಹಗ್ಗ ಕಟ್ಟಿದ ಚೌಕ. ಹಿಂದೆ ಸರಿಯುವವನಿಗೆ ಕೊನೆಗೆ ಹಗ್ಗವೋ ಮೂಲೆಯೋ ಎದುರಾಗುತ್ತದೆ. ಎದುರಾಳಿ ಬೆನ್ನಟ್ಟಬೇಕಿಲ್ಲ, ಅಡ್ಡಗಟ್ಟಿದರೆ ಸಾಕು.

1946ರ ಜೂನ್ 19ರಂದು ಯಾಂಕೀ ಸ್ಟೇಡಿಯಂನಲ್ಲಿ ವಾದ ಮುಗಿಯಿತು. ಕಾನ್‌ನ ಕಾಲುಗಳಲ್ಲಿ ಹಳೆಯ ವೇಗವಿರಲಿಲ್ಲ. 8ನೆಯ ಸುತ್ತಿನಲ್ಲಿ ಬಿದ್ದ. ದೂರದರ್ಶನದಲ್ಲಿ ಪ್ರಸಾರವಾದ ಮೊದಲ ಹೆವಿವೇಟ್ ವಿಶ್ವ ಪಂದ್ಯವೂ ಅದೇ.

ಮುಂದೆ ಯಾವುದೇ ಪ್ರಸಿದ್ಧ ಮಾತು ಕಿವಿಗೆ ಬಿದ್ದಾಗ ಕೇಳಿಕೊಳ್ಳಿ: ಯಾರು, ಯಾವಾಗ, ಯಾವ ಸಂದರ್ಭದಲ್ಲಿ ಹೇಳಿದ್ದು?